ಒಡ್ಡಿನೊಳಗಿನ ಜಿಲ್ಲೆ: ಕಿಟೆಲ್ ಹುಟ್ಟಿದ ಔರಿಶ್‌ನಲ್ಲೊಂದು ಸುತ್ತು

ಸೋಮವಾರ: ರೈಲಿಲ್ಲದ ಜಿಲ್ಲಾ ಕೇಂದ್ರ

ಜರ್ಮನಿಯ ವಾಯವ್ಯ ಮೂಲೆಯ ಔರಿಶ್ ಜಿಲ್ಲೆಗೆ ರೈಲಿನಲ್ಲಿ ಹೋಗಬಹುದು, ಔರಿಶ್ ಊರಿಗೆ ಹೋಗಲಾಗದು. ಪ್ರಯಾಣಿಕರ ರೈಲು 1967ರಲ್ಲಿ ನಿಂತದ್ದು ಇನ್ನೂ ನಿಂತೇ ಇದೆ. ಹಳಿಯನ್ನು 2008ರಲ್ಲಿ ಮತ್ತೆ ತೆರೆದರೂ ಅದು ಗೂಡ್ಸ್ ಗಾಡಿಗೆ ಮಾತ್ರ. ಹಾಗಾಗಿ ಎಮ್ಡನ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಎಮ್ಡನ್‌ನ ಭೂಭಾಗಕ್ಕೆ ಈ ಜಿಲ್ಲೆ ನೆರೆ, ಆದರೆ ಎಮ್ಡನ್ ಜಿಲ್ಲೆಗೆ ಸೇರಿಲ್ಲ. ಅದು ಸ್ವತಂತ್ರ ನಗರ. ಭಾನುವಾರ ಇತ್ತ ಬರುವ ಯೋಚನೆ ಬೇಡ. ಅಂಗಡಿಗಳು ಮುಚ್ಚಿರುತ್ತವೆ, ಹಳ್ಳಿ ಬಸ್ಸುಗಳೂ ಬೆರಳೆಣಿಕೆಯಷ್ಟೇ. ಸೋಮವಾರ ಹೊರಟರೆ ಶಾಲೆಯ ವೇಳೆಗೆ ಹೊಂದಿಸಿದ ಬಸ್ಸುಗಳು ಸಿಗುತ್ತವೆ. ಶಾಲೆಗೆ ರಜೆ ಬಿದ್ದರೆ ಅವುಗಳಲ್ಲೂ ಕೆಲವು ಓಡುವುದಿಲ್ಲ.

ಬಸ್ಸಿನ ಕಿಟಕಿಯಲ್ಲೇ ಭೂಗೋಳದ ಪಾಠ ಮುಗಿಯುತ್ತದೆ. ಕಡಲ ಕಡೆಗೆ ಜೇಡಿಮಣ್ಣಿನ ತಗ್ಗು ಹುಲ್ಲುಗಾವಲು, ಇದು ಮಾರ್ಶ್. ನಡುವೆ ಹಿಮಯುಗದ ನೀರ್ಗಲ್ಲುಗಳು ತಂದು ಸುರಿದ ಮರಳಿನ ದಿಬ್ಬ, ಇದು ಗೇಸ್ಟ್. ಈ ದಿಬ್ಬದ ಸುತ್ತ ನೀರು ಹರಿದು ಹೋಗಲಾರದ ಕಡೆ ಸಾವಿರಾರು ವರ್ಷ ಪಾಚಿ ಕೊಳೆತು ಬೆಳೆದ ಕಪ್ಪು ಜೌಗು, ಇದು ಮೋರ್. ಔರಿಶ್ ಊರು ನಿಂತಿರುವುದು ಗೇಸ್ಟ್ ಮೇಲೆ. ದಿಬ್ಬವೆಂದರೂ ಏರಿದ್ದು ಕಾಲಿಗೆ ಗೊತ್ತಾಗದು. ಸುಮಾರು 1,287 ಚದರ ಕಿ.ಮೀ. ಹರಡಿರುವ ಇಡೀ ಜಿಲ್ಲೆಯಲ್ಲಿ ಬೆಟ್ಟವೆಂದು ಕರೆಯಬಹುದಾದದ್ದು ಒಂದೂ ಇಲ್ಲ. ಎತ್ತರ ನೋಡಬೇಕೆಂದರೆ ಕಡಲು ತಡೆಯುವ ಮಣ್ಣಿನ ಒಡ್ಡು, ದ್ವೀಪದ ಮರಳ ದಿನ್ನೆ, ಚರ್ಚಿನ ಗೋಪುರ, ಗಾಳಿಯಂತ್ರ.

ಊರಿನಲ್ಲಿ ಸಿರ್ಕ್ಸೇನಾ ಮನೆತನದ ಗುರುತು ಎಲ್ಲೆಲ್ಲೂ ಇದೆ. 1464ರಲ್ಲಿ ಈ ಮನೆತನದ ಉಲ್ರಿಶ್‌ಗೆ ಚಕ್ರವರ್ತಿಯಿಂದ ಕೌಂಟ್ ಪದವಿ ಸಿಕ್ಕಿತು. 1744ರಲ್ಲಿ ಕೊನೆಯವನಾದ ಕಾರ್ಲ್ ಎಡ್ಜಾರ್ಡ್ ಮಕ್ಕಳಿಲ್ಲದೆ ಸತ್ತಾಗ ಪ್ರಶಿಯದ ದೊರೆ ಎರಡನೇ ಫ್ರೆಡೆರಿಕ್ ತಡಮಾಡದೆ ನಾಡನ್ನು ವಶಪಡಿಸಿಕೊಂಡ. ಅಲ್ಲಿಂದ ಮುಂದೆ ಒಡೆಯರು ಬದಲಾದ ವೇಗ ಬೆರಗು ಹುಟ್ಟಿಸುತ್ತದೆ: ಹಾಲೆಂಡ್, ನೆಪೋಲಿಯನ್ನನ ಫ್ರಾನ್ಸ್, 1815ರಲ್ಲಿ ಹ್ಯಾನೋವರ್, 1866ರಲ್ಲಿ ಮತ್ತೆ ಪ್ರಶಿಯ. ಜಿಲ್ಲೆ ಎಂಬ ಆಡಳಿತ ಘಟಕ ಬಂದದ್ದು 1885ರಲ್ಲಿ. ಕರಾವಳಿಯ ನೋರ್ಡನ್ ಆಗ ಬೇರೆ ಜಿಲ್ಲೆ; 1977ರ ಪುನರ್ವಿಂಗಡಣೆಯಲ್ಲಿ ಅದನ್ನು ಔರಿಶ್‌ಗೆ ಸೇರಿಸಿದರು. ಹಳೇ ನೋರ್ಡನ್ ಕಡೆಯ ಕಾರುಗಳ ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ತಮ್ಮ ಹಳೆಯ ಅಕ್ಷರಗಳು ಕಾಣುತ್ತವೆ.

ಸಂಜೆ ಊರಾಚೆಯ ರಾಹೆಯಲ್ಲಿ ಉಪ್‌ಸ್ಟಾಲ್ಸ್‌ಬೋಮ್ ನೋಡಬೇಕು. ಮರಗಳ ನಡುವೆ ಕಲ್ಲಿನದೊಂದು ಸಣ್ಣ ಪಿರಮಿಡ್, ಅಷ್ಟೇ. ಅದನ್ನು ಕಟ್ಟಿದ್ದು 1833ರಲ್ಲಿ. ಜಾಗದ ಮಹತ್ವ ಅದಕ್ಕಿಂತ ಹಳೆಯದು: ಮಧ್ಯಯುಗದಲ್ಲಿ ಈ ಕರಾವಳಿಯುದ್ದದ ಫ್ರೀಸಿಯನ್ ನಾಡುಗಳ ಪ್ರತಿನಿಧಿಗಳು ಪೆಂಟೆಕೋಸ್ಟ್ ಹಬ್ಬದ ಮರುದಿನಗಳಲ್ಲಿ ಇಲ್ಲಿ ಸೇರಿ ನ್ಯಾಯ, ಒಪ್ಪಂದಗಳನ್ನು ತೀರ್ಮಾನಿಸುತ್ತಿದ್ದರು. ಯುರೋಪಿನ ಉಳಿದೆಡೆ ಜಹಗೀರುದಾರರ ಕಾಲದಲ್ಲಿ ಇಲ್ಲಿಯ ರೈತರಿಗೆ ಮೇಲೊಬ್ಬ ದೊರೆ ಇರಲಿಲ್ಲ. ಅದಕ್ಕೆ ಕಾರಣವೂ ನೀರೇ ಎಂದು ಒಡ್ಡು ನೋಡಿದ ಮೇಲೆ ಅನ್ನಿಸದೆ ಇರದು.

ಮಂಗಳವಾರ: ಜೌಗಿನ ಎರಡು ದಾರಿ

ಮೋರ್‌ಡೋರ್ಫ್ ಮತ್ತು ಗ್ರೋಸೆಫೇನ್ ಎರಡೂ ಜೌಗಿನ ಮೇಲೆ ಹುಟ್ಟಿದ ಊರುಗಳು. ಒಂದೇ ದಿನ ಎರಡನ್ನೂ ನೋಡಿದರೆ ಒಂದು ಬಡತನಕ್ಕೂ ಇನ್ನೊಂದು ಅನುಕೂಲಕ್ಕೂ ಯಾಕೆ ಹೋಯಿತು ಎಂಬುದು ನೆಲದಲ್ಲೇ ಬರೆದಿಟ್ಟಂತಿದೆ.

ಗ್ರೋಸೆಫೇನ್ ಶುರುವಾದದ್ದು 1633ರಲ್ಲಿ, ಎಮ್ಡನ್‌ನ ನಾಲ್ವರು ವ್ಯಾಪಾರಿಗಳ ದುಡ್ಡಿನಿಂದ. ಮೊದಲು ಕಾಲುವೆ, ಆಮೇಲೆ ಊರು, ಇದು ಅವರ ಕ್ರಮ. ಜೌಗಿನ ಅಂಚಿನಿಂದ ಒಳಕ್ಕೆ ಕಾಲುವೆ ಅಗೆದರೆ ನೀರು ಬಸಿದು ನೆಲ ಗಟ್ಟಿಯಾಗುತ್ತದೆ, ಅದೇ ಕಾಲುವೆ ದೋಣಿಗೆ ದಾರಿಯೂ ಆಗುತ್ತದೆ. ಮೇಲಿನ ಹಗುರ ಪದರವನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಕೆಳಗಿನ ಕಪ್ಪು ಪೀಟ್, ಅಂದರೆ ಉರುವಲಾಗುವ ಜೌಗುಮಣ್ಣನ್ನು, ಇಟ್ಟಿಗೆಯಂತೆ ಕತ್ತರಿಸಿ, ಬೇಸಿಗೆಯಿಡೀ ಮಗುಚಿ ಹಾಕುತ್ತ ಒಣಗಿಸುತ್ತಾರೆ. ಹಸಿ ಪೀಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಹಾಗಾಗಿ ಮಳೆ ಹೆಚ್ಚಾದ ವರ್ಷ ಉರುವಲೇ ಇಲ್ಲ. ಒಣಗಿದ್ದು ದೋಣಿಯಲ್ಲಿ ಎಮ್ಡನ್ನಿಗೆ ಹೋಗುತ್ತಿತ್ತು. ಬರುವಾಗ ಖಾಲಿ ಬರದೆ ಕಡಲ ಕೆಸರು, ಪಟ್ಟಣದ ಗೊಬ್ಬರ ತರುತ್ತಿದ್ದರು. ಪೀಟ್ ತೆಗೆದ ಮೇಲೆ ಉಳಿದ ಮರಳಿಗೆ ಪಕ್ಕಕ್ಕಿಟ್ಟಿದ್ದ ಮೇಲ್ಪದರವನ್ನೂ ಈ ಕೆಸರನ್ನೂ ಬೆರೆಸಿದರೆ ಹೊಲ ತಯಾರು. ದೋಣಿ ನಡೆಸಿ ಕೈ ಪಳಗಿದವರು ಮುಂದೆ ಕಡಲ ಹಡಗುಗಳನ್ನೂ ಕಟ್ಟಿದರು, ನಡೆಸಿದರು. ಈಗ ಆ ಕಾಲುವೆಯ ಎರಡು ದಡದಲ್ಲೂ ಕೆಂಪಿಟ್ಟಿಗೆಯ ಮನೆಗಳ ಸಾಲು. ನಡುನಡುವೆ ಎತ್ತಿ ಇಳಿಸುವ ಬಿಳಿ ಮರದ ಸೇತುವೆಗಳು. ಗ್ರೋಸೆಫೇನ್ ಪಂಚಾಯಿತಿ ವ್ಯಾಪ್ತಿಯಲ್ಲಿ ಐದು ಗಾಳಿಗಿರಣಿಗಳಿವೆ.

ಮೋರ್‌ಡೋರ್ಫ್ ಕತೆ ಬೇರೆ. 1765ರಲ್ಲಿ ಫ್ರೆಡೆರಿಕ್ ಒಂದು ಶಾಸನ ಹೊರಡಿಸಿ, ಯಾರದ್ದೆಂದು ದಾಖಲೆಯಿಲ್ಲದ ಜೌಗೆಲ್ಲ ಸರ್ಕಾರದ್ದು, ಬಂದು ನೆಲೆಸುವವರಿಗೆ ತುಂಡು ಭೂಮಿ ಕೊಡುತ್ತೇವೆ ಎಂದ. ಭೂಮಿ ಕೊಟ್ಟರು, ಕಾಲುವೆ ಕೊಡಲಿಲ್ಲ. ಕಾಲುವೆಯಿಲ್ಲದೆ ಪೀಟ್ ಸಾಗದು, ಗೊಬ್ಬರ ಬಾರದು. ಉಳಿದದ್ದು ಒಂದೇ ಉಪಾಯ: ಮೇಲ್ಮಣ್ಣನ್ನು ಗುದ್ದಲಿಯಿಂದ ಕಡಿದು, ಒಣಗಿಸಿ, ವಸಂತದಲ್ಲಿ ಬೆಂಕಿ ಹಚ್ಚಿ, ಬಿಸಿ ಬೂದಿಯ ಮೇಲೆ ಬಕ್‌ವೀಟ್ ಬಿತ್ತುವುದು. ಬಕ್‌ವೀಟ್ ಎಂದರೆ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು. ಮೊದಲ ವರ್ಷಗಳಲ್ಲಿ ಬೆಳೆ ಚೆನ್ನಾಗಿ ಬರುತ್ತದೆ. ಆರೇಳು ವರ್ಷಕ್ಕೆ ನೆಲದ ಸಾರ ಸುಟ್ಟು ಮುಗಿಯುತ್ತದೆ, ಮತ್ತೆ ದಶಕಗಳು ಬಿಟ್ಟರಷ್ಟೇ ಚೇತರಿಕೆ. ಕೊಟ್ಟ ತುಂಡು ಚಿಕ್ಕದಾದ್ದರಿಂದ ಬಿಡಲು ಬೇರೆ ನೆಲವಿರಲಿಲ್ಲ. ಅದರ ಮೇಲೆ ಹೂ ಬಿಡುವ ಹೊತ್ತಿಗೆ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೂ ಬೆಳೆ ಹೋಯಿತು. ಊರು ತಲೆಮಾರುಗಟ್ಟಲೆ ಭಿಕ್ಷೆ, ಪೊರಕೆ ಮಾರಾಟ, ಕೂಲಿಯಲ್ಲಿ ಬದುಕಿತು. ಅಲ್ಲಿಯ ಜೌಗು ವಸ್ತುಸಂಗ್ರಹಾಲಯದಲ್ಲಿ ಹುಲ್ಲುಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಗುಡಿಸಲುಗಳಿವೆ; ಒಳಗೆ ಬಗ್ಗಿ ಹೋಗಬೇಕು, ಮಳೆಗಾಲದ ದಿನವಾದರೆ ಮೂಗಿಗೆ ಮುಗ್ಗಲು ವಾಸನೆ ಹೊಡೆಯುತ್ತದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ತಿಂಗಳು ನೋಡಿಕೊಂಡು ಹೋಗಿ.

ತಲೆಮಾರುಗಳ ಕುರಿತು ಜೌಗಿನವರ ಹಳೆಯ ಮಾತೊಂದಿದೆ: ಮೊದಲನೆಯವನಿಗೆ ಸಾವು, ಎರಡನೆಯವನಿಗೆ ಕಷ್ಟ, ಮೂರನೆಯವನಿಗೆ ರೊಟ್ಟಿ. ಮೋರ್‌ಡೋರ್ಫಿನಲ್ಲಿ ಮೂರನೆಯವನಿಗೂ ರೊಟ್ಟಿ ಸುಲಭವಾಗಿ ಸಿಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಕ್‌ವೀಟ್ ದೋಸೆ ಸಿಕ್ಕರೆ ತಿನ್ನಬಹುದು, ಆದರೆ ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಸಾಂಪ್ರದಾಯಿಕವಾಗಿ ಅದನ್ನು ಹಂದಿ ಕೊಬ್ಬಿನ ಚೂರುಗಳ ಮೇಲೆಯೇ ಹುಯ್ಯುತ್ತಾರೆ. ಪಟ್ಟಿಯಲ್ಲಿ ಅದನ್ನು ಬರೆದೇ ಇರುತ್ತಾರೆ ಎನ್ನುವಂತಿಲ್ಲ.

ಔರಿಶ್‌ಗೆ ಮರಳುವ ದಾರಿಯಲ್ಲಿ ಗಾಳಿಯಂತ್ರ ತಯಾರಿಸುವ ಎನರ್ಕಾನ್ ಕಂಪನಿಯ ಕಟ್ಟಡಗಳು ಕಂಡವು. 1984ರಲ್ಲಿ ಅಲೋಯ್ಸ್ ವೋಬನ್ ಇಲ್ಲಿ ಶುರುಮಾಡಿದ್ದು. ಗಿಯರ್‌ಬಾಕ್ಸ್ ಇಲ್ಲದೆ ರೆಕ್ಕೆಯಿಂದ ನೇರ ಜನರೇಟರ್ ತಿರುಗಿಸುವ ಯಂತ್ರ ಇವರ ಹೆಸರು ಮಾಡಿತು. ಸವೆಯುವ ಹಲ್ಲುಚಕ್ರವಿಲ್ಲ, ಬದಲಿಸುವ ಎಣ್ಣೆ ಕಡಿಮೆ. ಬದಲಿಗೆ ಜನರೇಟರ್ ದೊಡ್ಡದು, ಭಾರ ಹೆಚ್ಚು. ಚಿತ್ರದುರ್ಗ, ಗದಗ ಕಡೆಯ ಗುಡ್ಡಗಳಲ್ಲಿ ಮೊಟ್ಟೆಯಾಕಾರದ ತಲೆಯ ಗಾಳಿಯಂತ್ರ ನೋಡಿದವರಿಗೆ ಆಕಾರ ಪರಿಚಿತವೇ.

ಬುಧವಾರ: ಕ್ರುಮ್‌ಹೋರ್ನ್, ಸೈಕಲ್ ಮೇಲೆ

ಎಮ್ಡನ್‌ನ ವಾಯವ್ಯಕ್ಕಿರುವ ಕರಾವಳಿ ಪ್ರದೇಶ ಕ್ರುಮ್‌ಹೋರ್ನ್. ಇಲ್ಲಿ ಗಾಳಿಯೇ ಘಾಟಿ. ಹೆಚ್ಚಿನ ದಿನ ಪಶ್ಚಿಮದಿಂದ ಬೀಸುತ್ತದೆ. ಬೆಳಿಗ್ಗೆ ಕಾಲು ಗಟ್ಟಿಯಿರುವಾಗ ಎದುರುಗಾಳಿ ಮುಗಿಸಿ, ಆಮೇಲೆ ಬೆನ್ನುಗಾಳಿಯಲ್ಲಿ ಪೂರ್ವಕ್ಕೆ ಬರುವಂತೆ ದಾರಿ ಹಾಕಿಕೊಳ್ಳಬೇಕು. ಗ್ರೇಟ್‌ಜೀಲ್‌ನಲ್ಲಿ ಬಾಡಿಗೆ ಸೈಕಲ್ ಹಿಡಿದು, ಒಡ್ಡಿನ ಪಕ್ಕದಲ್ಲೇ ಪಿಲ್ಸುಮ್, ಕಾಂಪನ್, ರೀಸುಮ್, ಅಲ್ಲಿಂದ ಒಳನಾಡಿನ ಫ್ರೇಪ್ಸುಮ್, ಸೂರ್‌ಹೂಸನ್, ಕೊನೆಗೆ ಎಮ್ಡನ್. ಬಾಡಿಗೆ ಸೈಕಲ್ಲನ್ನು ಬೇರೆ ಊರಲ್ಲಿ ಒಪ್ಪಿಸಬಹುದೇ ಎಂದು ಹಿಡಿಯುವ ಮೊದಲೇ ಕೇಳಿಕೊಳ್ಳಿ.

ಗ್ರೇಟ್‌ಜೀಲ್ ಬಂದರಿನಲ್ಲಿ ಸಿಗಡಿ ಹಿಡಿಯುವ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು. ಬಲೆ ಎಳೆದ ಕೂಡಲೆ ದೋಣಿಯ ಮೇಲೆಯೇ ಕಡಲ ನೀರಿನಲ್ಲಿ ಸಿಗಡಿ ಬೇಯಿಸುತ್ತಾರೆ. ದಡಕ್ಕೆ ಬರುವುದು ಬೆಂದದ್ದೇ. ಸಿಪ್ಪೆಸಹಿತ ಒಂದು ಕಿಲೋ ಕೊಂಡರೆ ತಿನ್ನಲು ಸಿಗುವುದು ಮೂರನೇ ಒಂದು ಪಾಲು. ತಲೆ ಒಂದು ಕೈಯಲ್ಲಿ, ಬಾಲ ಇನ್ನೊಂದರಲ್ಲಿ ಹಿಡಿದು ನಡುವೆ ಸ್ವಲ್ಪ ತಿರುಚಿ ಎಳೆದರೆ ಬಾಲದ ಚಿಪ್ಪು ಬರುತ್ತದೆ. ತಿರುಚದೆ ಎಳೆದರೆ ಮಾಂಸವೂ ತುಂಡಾಗಿ ಚಿಪ್ಪಿನಲ್ಲೇ ಉಳಿಯುತ್ತದೆ. ಮಾರುವ ಹೆಂಗಸು ಎರಡು ಬಾರಿ ತೋರಿಸಿಕೊಟ್ಟು, ಮೂರನೇ ಬಾರಿಗೆ ನಕ್ಕು ಸುಮ್ಮನಾದಳು. ಊರ ಬಾಯಲ್ಲೇ ಜೋಡಿ ಗಾಳಿಗಿರಣಿ, ಒಂದು ಕೆಂಪು, ಒಂದು ಹಸಿರು. 2013ರ ಅಕ್ಟೋಬರ್ ಬಿರುಗಾಳಿಗೆ ಹಸಿರು ಗಿರಣಿಯ ತಲೆಯೇ ಹಾರಿತ್ತು, ಮತ್ತೆ ಕೂರಿಸಿದ್ದಾರೆ.

ಊರ ಹೆಸರಿನ ಕೊನೆಯ ಜೀಲ್ ಎಂದರೆ ಒಡ್ಡಿನ ತೂಬು. ಅದರ ಬಾಗಿಲು ಕಡಲ ಕಡೆಗೆ ತೆರೆಯುತ್ತದೆ. ಇಳಿತದಲ್ಲಿ ಹೊರಗಿನ ಮಟ್ಟ ತಗ್ಗಿ ಒಳಗಿನ ನೀರು ಬಾಗಿಲನ್ನು ತಳ್ಳಿಕೊಂಡು ಹೋಗುತ್ತದೆ, ಉಬ್ಬರದಲ್ಲಿ ಕಡಲೇ ಬಾಗಿಲು ಮುಚ್ಚುತ್ತದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಒಡ್ಡು, ಬಾಗಿಲು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ತೊಂದರೆ ಬರುವುದು ಬಿರುಗಾಳಿ ದಿನಗಟ್ಟಲೆ ಕಡಲನ್ನು ದಡಕ್ಕೆ ಒತ್ತಿದಾಗ. ಹೊರಗಿನ ಮಟ್ಟ ತಗ್ಗುವುದೇ ಇಲ್ಲ, ಒಳಗೆ ಮಳೆನೀರು ತುಂಬುತ್ತದೆ. ಅದಕ್ಕೇ ಈಗ ತೂಬಿನ ಜೊತೆ ಪಂಪು. ಗ್ರೇಟ್‌ಜೀಲ್ ಬಂದರಂತೂ 1991ರಿಂದ ಹೊರಗಿನ ಲೈಹೋರ್ನ್ ಒಡ್ಡು ಮತ್ತು ದೋಣಿ ದಾಟಿಸುವ ಲಾಕಿನ ಹಿಂದೆ ಸರಿದಿದೆ, ಅಲ್ಲೀಗ ಉಬ್ಬರ ಇಳಿತವಿಲ್ಲ.

ಒಡ್ಡಿನ ಹೊಟ್ಟೆ ಮರಳು, ಮೈಮೇಲೆ ದಪ್ಪ ಜೇಡಿ, ಅದರ ಮೇಲೆ ಹುಲ್ಲು. ಕಡಲ ಕಡೆಯ ಇಳಿಜಾರು ತೀರ ಸಪಾಟು, ಅಲೆ ಹತ್ತುತ್ತ ಹತ್ತುತ್ತ ಬಲ ಕಳೆದುಕೊಳ್ಳಲೆಂದು. ಕುರಿಗಳು ಹುಲ್ಲನ್ನು ಗಿಡ್ಡ ಇಡುವುದಲ್ಲದೆ ಗೊರಸಿನಿಂದ ಮಣ್ಣು ತುಳಿದು ಗಟ್ಟಿ ಮಾಡುತ್ತವೆ, ಹೆಗ್ಗಣ ಇಲಿಗಳ ಬಿಲವನ್ನೂ ಮುಚ್ಚುತ್ತವೆ. ದನ ಬಿಟ್ಟರೆ ಭಾರಕ್ಕೆ ಮೈ ಕಿತ್ತುಹೋಗುತ್ತದೆ. ದಾರಿಗಡ್ಡ ಬರುವ ಕುರಿಗೇಟುಗಳನ್ನು ತೆರೆದವರೇ ಮುಚ್ಚಬೇಕು. ಗೇಟಿನ ಬಳಿ ಕುರಿ ಎಣಿಸುತ್ತಿದ್ದ ಮುದುಕರು ಮೋಯ್ನ್ ಎಂದರು, ಇಲ್ಲಿ ಬೆಳಿಗ್ಗೆ ಸಂಜೆ ಎರಡಕ್ಕೂ ಅದೇ ನಮಸ್ಕಾರ. ಗಾಳಿಯ ಬಗ್ಗೆ ಕೇಳಿದರೆ, ಇದು ಗಾಳಿಯಲ್ಲ, ಕುರಿಯ ಕೊಂಬಿಗೆ ಸುರುಳಿ ಬಂದಾಗ ಗಾಳಿ ಎನ್ನುತ್ತೇವೆ ಎಂದರು. ಅಷ್ಟರಲ್ಲಿ ಒಡ್ಡಿನ ಮೇಲೆ ನಿಲ್ಲಿಸಿದ್ದ ಸೈಕಲ್ ಬಿದ್ದು ಬ್ರೇಕಿನ ಹಿಡಿ ಸೊಟ್ಟಗಾಯಿತು. ಸ್ಟ್ಯಾಂಡ್ ನಂಬದೆ ಇಳಿಜಾರಿನ ಬುಡದಲ್ಲಿ ಮಲಗಿಸಿಡುವುದೇ ಕ್ಷೇಮ.

ಹಿಂದೆ ಒಡ್ಡಿನ ಪ್ರತಿ ತುಂಡಿಗೂ ಒಬ್ಬ ರೈತ ಹೊಣೆ. ಒಡ್ಡು ಕಟ್ಟದವನು ಊರು ಬಿಡಬೇಕು ಎಂಬುದೇ ಕಾಯಿದೆ. ಇನ್ನು ನನ್ನಿಂದಾಗದು ಎನ್ನುವವನು ತನ್ನ ಪಾಲಿನ ಒಡ್ಡಿನಲ್ಲಿ ಗುದ್ದಲಿ ನೆಟ್ಟು ಹೋಗುತ್ತಿದ್ದ. ಆ ಗುದ್ದಲಿ ಕಿತ್ತವನಿಗೆ ಅವನ ಜಮೀನೂ ಒಡ್ಡಿನ ಹೊಣೆಯೂ ಸೇರುತ್ತಿತ್ತು. 1717ರ ಕ್ರಿಸ್‌ಮಸ್ ರಾತ್ರಿಯ ಪ್ರವಾಹ ಈ ಕರಾವಳಿಯಲ್ಲಿ ಸಾವಿರಾರು ಜನರನ್ನು ನುಂಗಿದ ಮೇಲೆ ಒಡ್ಡು ಸರಿಪಡಿಸಲು ವರ್ಷಗಳೇ ಹಿಡಿದವು. ಒಡ್ಡಿಗೂ ತೂಬಿಗೂ ಭೂಮಾಲೀಕರದೇ ಸಂಘಗಳು ಇವತ್ತಿಗೂ ಇವೆ, ಭೂಮಿಯ ಲೆಕ್ಕದಲ್ಲಿ ಚಂದಾ ವಸೂಲಿ ಮಾಡುತ್ತವೆ. 1885ರ ಜಿಲ್ಲಾಡಳಿತ ಇವುಗಳ ಮುಂದೆ ಮೊನ್ನೆಯದು.

ಪಿಲ್ಸುಮ್ ದೀಪಸ್ತಂಭ ಹಳದಿ ಕೆಂಪು ಪಟ್ಟೆಯ ಗಿಡ್ಡ ಡಬ್ಬಿ, 11 ಮೀಟರ್, ಎಲ್ಲರೂ ಫೋಟೊ ತೆಗೆಯುವುದು ಇದರದ್ದೇ. ಕಾಂಪನ್ನಿನದು ಕಬ್ಬಿಣದ ಸರಳುಗಳ ಗೋಪುರ, 65 ಮೀಟರ್, ಜರ್ಮನಿಯಲ್ಲೇ ಅತಿ ಎತ್ತರದ್ದು. ಗಾಳಿ ಜೋರಿದ್ದ ದಿನ ಹತ್ತುವ ಮನಸ್ಸಾಗದು. ರೀಸುಮ್ ಊರು ವೃತ್ತಾಕಾರದ ಮಣ್ಣುದಿಬ್ಬದ ಮೇಲಿದೆ, ನಡುವೆ ಚರ್ಚು. ಒಡ್ಡು ಕಟ್ಟುವ ಮೊದಲು ಜನ ಬದುಕುಳಿದದ್ದು ತಲೆಮಾರುಗಳು ಸೇರಿ ಪೇರಿಸಿದ ಇಂಥ ದಿಬ್ಬಗಳ ಮೇಲೆಯೇ. ಚರ್ಚಿನ ಆರ್ಗನ್ ಎಂಬ ಕೊಳವೆವಾದ್ಯ 15ನೇ ಶತಮಾನದ್ದು, ಇಂದಿಗೂ ನುಡಿಸುತ್ತಾರೆ.

ಫ್ರೇಪ್ಸುಮ್ ಬಳಿಯ ಹುಲ್ಲುಗಾವಲು ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಮೀಟರ್ ಕೆಳಗಿದೆ. ಒಂದು ಕಾಲಕ್ಕೆ ಅದು ಕೆರೆ. ನೀರು ಎತ್ತಿ ಹಾಕಿ ಮೇವಿನ ನೆಲ ಮಾಡಿದರು. ಸೂರ್‌ಹೂಸನ್‌ನಲ್ಲಿ ಇದೇ ಕೆಲಸದ ಇನ್ನೊಂದು ಮುಖ ಕಾಣುತ್ತದೆ. 15ನೇ ಶತಮಾನದ ಚರ್ಚ್ ಗೋಪುರವನ್ನು ಓಕ್ ದಿಮ್ಮಿಗಳ ಮೇಲೆ ಕಟ್ಟಿದ್ದರು. ದಿಮ್ಮಿ ನೀರಲ್ಲಿ ಮುಳುಗಿರುವಷ್ಟು ಕಾಲ ಗಾಳಿ ತಾಗದೆ ಗಟ್ಟಿಯಾಗಿತ್ತು. 19ನೇ ಶತಮಾನದಲ್ಲಿ ಸುತ್ತಲಿನ ನೆಲ ಬಸಿದು ಅಂತರ್ಜಲ ಇಳಿದಾಗ ಮರ ಕೊಳೆಯಿತು, ಗೋಪುರ ವಾಲಿತು. ಸುಮಾರು 27 ಮೀಟರ್ ಎತ್ತರಕ್ಕೆ ಸುಮಾರು ಎರಡೂವರೆ ಮೀಟರ್ ಹೊರಚಾಚು, 5.19 ಡಿಗ್ರಿ ಓರೆ. ಪೀಸಾ ಗೋಪುರವನ್ನೂ ಮೀರಿಸಿ 2007ರಲ್ಲಿ ಗಿನ್ನೆಸ್ ದಾಖಲೆ ಸೇರಿತ್ತು. ಈಗ ಆ ಪಟ್ಟ ಗೌ-ವೈನ್‌ಹೈಮ್ ಎಂಬಲ್ಲಿಯ ಗೋಪುರಕ್ಕೆ ಹೋಗಿದೆ.

ಗುರುವಾರ: ಮರೀನ್‌ಹಾಫೆ, ನೋರ್ಡನ್

ರೈಲು ಮಾರ್ಗದಲ್ಲೇ ಇರುವ ಮರೀನ್‌ಹಾಫೆಗೆ ಅರ್ಧ ದಿನ ಸಾಕು. 1374ರ ಪ್ರವಾಹ ಲೈಬುಖ್ಟ್ ಕೊಲ್ಲಿಯನ್ನು ಒಳಕ್ಕೆ ಕೊರೆದಾಗ ಕಡಲು ಈ ಊರಿನವರೆಗೂ ಬಂತು. ಕಡಲ್ಗಳ್ಳ ಸ್ಟೋರ್ಟೆಬೆಕರ್ ಇಲ್ಲಿ ತಂಗಿದ್ದನೆಂಬ ಪ್ರತೀತಿ, ಚರ್ಚಿನ ಗೋಪುರಕ್ಕೂ ಅವನದೇ ಹೆಸರು. ಈಗ ಗೋಪುರದ ಮೇಲಿಂದ ನೋಡಿದರೆ ಕಡಲು ಎಲ್ಲೋ ದೂರದ ಗೆರೆ. ನಡುವಿನದೆಲ್ಲ ಹಂತಹಂತವಾಗಿ ಒಡ್ಡು ಹಾಕಿ ಗೆದ್ದ ಹೊಲ.

ನೋರ್ಡನ್‌ನ ಲುಡ್ಗೇರಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ 1686ರಿಂದ 1692ರ ನಡುವೆ ಕಟ್ಟಿದ ಆರ್ಗನ್ ಒಂದು ಕಂಬವನ್ನೇ ಬಳಸಿ ನಿಂತಿದೆ. ಕೊಳವೆಗಳು ಎರಡು ದಿಕ್ಕಿಗೆ ಮುಖಮಾಡಿವೆ, ಪ್ರಾರ್ಥನೆಯ ಭಾಗಕ್ಕೂ ಜನ ಕೂರುವ ಭಾಗಕ್ಕೂ ದನಿ ಮುಟ್ಟಲೆಂದು.

ಮಳೆ ಹಿಡಿದಿದ್ದರಿಂದ ಉಳಿದ ಹೊತ್ತು ಚಹಾದಲ್ಲಿ ಕಳೆಯಿತು. ಈ ನಾಡಿನವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಪುಡಿ ಮುಖ್ಯವಾಗಿ ಅಸ್ಸಾಮಿನದು. 18ನೇ ಶತಮಾನದಲ್ಲಿ ಪ್ರಶಿಯದ ಸರ್ಕಾರ ಚಹಾ ಬಿಡಿಸಲು ಹೋಗಿ ಸೋತಿತ್ತು. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ದಪ್ಪ ಹರಳು, ಅದರ ಮೇಲೆ ಕುದಿ ಚಹಾ. ಹರಳು ಚಟಚಟ ಸೀಳುವ ಸದ್ದು ಕೇಳಬೇಕು. ಸಣ್ಣ ಸೌಟಿನಿಂದ ಕೆನೆಯನ್ನು ಅಂಚಿಗೆ ಜಾರಿಸುತ್ತಾರೆ, ಅದು ಅಡಿಗಿಳಿದು ಮೋಡದಂತೆ ಮೇಲೇಳುತ್ತದೆ. ಕಲಕಬಾರದು. ಮೊದಲ ಗುಟುಕು ಕೆನೆ, ನಡುವೆ ಕಹಿ, ಕೊನೆಗೆ ಸಿಹಿ. ಒಂದೇ ಹರಳು ಎರಡು ಮೂರು ಬಟ್ಟಲಿಗೆ ಬರಲಿ ಎಂಬುದೇ ಕಲಕದಿರುವುದರ ಲೆಕ್ಕಾಚಾರ. ಮೂರು ಬಟ್ಟಲು ವಾಡಿಕೆ. ಸಾಕಾದರೆ ಚಮಚವನ್ನು ಬಟ್ಟಲೊಳಗೆ ಇಡಬೇಕು. ತಟ್ಟೆಯಲ್ಲೇ ಬಿಟ್ಟರೆ ನಾಲ್ಕನೆಯದೂ ಬರುತ್ತದೆ. ನಮ್ಮ ಪಕ್ಕದ ಮೇಜಿನ ಅಜ್ಜಿ ಸನ್ನೆಯಲ್ಲೇ ಚಮಚದ ಜಾಗ ತೋರಿಸಿದ್ದು ಐದನೆಯದನ್ನು ಉಳಿಸಿತು.

ಶುಕ್ರವಾರ: ಡೋರ್ನುಮ್, ರೆಸ್ಟರ್‌ಹಾಫೆ

ನೋರ್ಡನ್‌ನಿಂದ ಪೂರ್ವಕ್ಕೆ ಡೋರ್ನುಮ್. ಕಂದಕದ ನಡುವಿನ ಕೋಟೆಮನೆ ಈಗ ಶಾಲೆ. 1626ರ ಗಾಳಿಗಿರಣಿ ಒಂದೇ ಕಂಬದ ಮೇಲೆ ನಿಂತಿದೆ. ಗಾಳಿ ತಿರುಗಿದರೆ ತಲೆಯನ್ನಷ್ಟೇ ಅಲ್ಲ, ಇಡೀ ಗಿರಣಿಯನ್ನೇ ತಿರುಗಿಸಬೇಕು. ಊರೊಳಗೆ ಯಹೂದಿಗಳ 1841ರ ಪ್ರಾರ್ಥನಾ ಮಂದಿರ ಉಳಿದಿದೆ. ನಾಜಿಗಳು ಮಂದಿರಗಳನ್ನು ಸುಟ್ಟ ನವೆಂಬರ್ 9ಕ್ಕೆ ಎರಡು ದಿನ ಮೊದಲು, 1938ರ ನವೆಂಬರ್ 7ರಂದು, ಅದನ್ನು ಒಬ್ಬ ಬಡಗಿಗೆ ಮಾರಲಾಗಿತ್ತು. ಬಡಗಿಯ ಉಗ್ರಾಣ ಎಂಬ ಕಾರಣಕ್ಕೆ ಕಟ್ಟಡ ಉಳಿಯಿತು. ಜನ ಉಳಿಯಲಿಲ್ಲ. ಈಗ ಅದು ಸ್ಮಾರಕ, ತೆರೆಯುವ ವೇಳೆ ಬಲು ಕಡಿಮೆ.

ರೆಸ್ಟರ್‌ಹಾಫೆ ಡೋರ್ನುಮ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. ದಿಬ್ಬದ ಮೇಲೊಂದು ಇಟ್ಟಿಗೆ ಚರ್ಚು, ಸಮಾಧಿಗಳು, ಸುತ್ತ ಕೆಲವು ಮನೆ, ಆಮೇಲೆ ಬರಿ ಹೊಲ. 1832ರ ಏಪ್ರಿಲ್‌ನಲ್ಲಿ ಇಲ್ಲಿಯ ಪಾದ್ರಿಯ ಮನೆಯಲ್ಲಿ ಫರ್ಡಿನಾಂಡ್ ಕಿಟೆಲ್ ಹುಟ್ಟಿದರು. ಆಗಿದು ಹ್ಯಾನೋವರ್ ರಾಜ್ಯ. ಔರಿಶ್ ಜಿಲ್ಲೆಯೆಂಬುದು ಇರಲೇ ಇಲ್ಲ. ಔರಿಶ್‌ನಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತು, 1850ರಲ್ಲಿ ಬಾಸೆಲ್ ಮಿಶನ್ ಸೇರಿ, 1853ರಲ್ಲಿ ಧಾರವಾಡಕ್ಕೆ ಬಂದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸು ಸಂಪಾದಿಸಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ವ್ಯಾಕರಣ ಗ್ರಂಥ 1903ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಧಾರವಾಡದ ಕಿಟೆಲ್ ಕಾಲೇಜೋ ಬೆಂಗಳೂರಿನ ಪ್ರತಿಮೆಯೋ ಮನಸ್ಸಲ್ಲಿಟ್ಟು ಬಂದವರಿಗೆ ಇಲ್ಲಿ ನೋಡಲು ಹೆಚ್ಚೇನೂ ಇಲ್ಲ. ಊಟ, ನೀರು ಡೋರ್ನುಮ್‌ನಲ್ಲೇ ಮುಗಿಸಿ ಬನ್ನಿ. ಮಳೆ ಬಂದರೆ ಚರ್ಚಿನ ಗೋಡೆ ಬಿಟ್ಟು ಮರೆಯಿಲ್ಲ.

ಶನಿವಾರ: ಕಡಲತಳದಲ್ಲಿ ನಡೆದು ಬಾಲ್ಟ್ರುಮ್‌ಗೆ

ಜಿಲ್ಲೆಗೆ ಮೂರು ಜನವಸತಿಯ ದ್ವೀಪಗಳಿವೆ. 1797ರಿಂದಲೂ ಕಡಲಸ್ನಾನದ ಊರಾಗಿರುವ ನೋರ್ಡರ್ನೈಗೆ ದಿನವಿಡೀ ಹಡಗು. ಯೂಸ್ಟ್ ಮತ್ತು ಬಾಲ್ಟ್ರುಮ್‌ಗೆ ದೊಡ್ಡ ಹಡಗು ಉಬ್ಬರ ಬಂದಾಗ ಮಾತ್ರ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಹಡಗಿನ ವೇಳೆಯೂ ದಿನದಿನಕ್ಕೆ ಬೇರೆ. ನಿನ್ನೆಯ ವೇಳೆ ನಂಬಿ ಬಂದವರು ದಕ್ಕೆಯಲ್ಲಿ ಕುಳಿತಿರುವುದು ಇಲ್ಲಿ ಸಾಮಾನ್ಯ ದೃಶ್ಯ.

ಇಳಿತದಲ್ಲಿ ನೆಸ್ಮರ್‌ಜೀಲ್‌ನಿಂದ ಬಾಲ್ಟ್ರುಮ್‌ವರೆಗೆ ಬಯಲಾಗುವ ಕೆಸರಿನ ಮೇಲೆ ನಡೆದೇ ಹೋಗಬಹುದು, ಎರಡೂವರೆ ಮೂರು ಗಂಟೆ, ಪರವಾನಗಿ ಇರುವ ಮಾರ್ಗದರ್ಶಿಯ ಜೊತೆಗೆ. ಒಬ್ಬೊಬ್ಬರೇ ಹೋಗಿ ಸಿಕ್ಕಿಬೀಳುವುದಕ್ಕೆ ಕಾರಣ ಎದುರಿನ ಕಡಲಲ್ಲ. ಕೆಸರಿನ ನಡುವೆ ಆಳವಾದ ಕಾಲುವೆಗಳಿವೆ. ಉಬ್ಬರ ಮೊದಲು ಅವುಗಳಲ್ಲಿ ತುಂಬುತ್ತದೆ. ಮುಂದೆ ಒಣ ನೆಲ ಕಾಣುತ್ತಿರುವಾಗಲೇ ಹಿಂದಿನ ದಾರಿ ಮುಚ್ಚಿರುತ್ತದೆ. ಮಂಜು ಕವಿದರೆ ದಿಕ್ಕೂ ಇಲ್ಲ. ಗಂಬೂಟು ಬೇಡ, ಕೆಸರು ಹೀರಿಕೊಂಡು ಬೂಟು ಅಲ್ಲೇ ಉಳಿಯುತ್ತದೆ. ಹಿಮ್ಮಡಿ ಮುಚ್ಚುವ, ಲೇಸು ಬಿಗಿದು ಕಟ್ಟುವ ಹಳೆಯ ಶೂ ಒಳ್ಳೆಯದು. ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ. ಗುಂಪಿನಲ್ಲೊಬ್ಬರ ಸಡಿಲ ಚಪ್ಪಲಿ ದಡದ ಬಳಿಯ ಮೆತ್ತನೆ ಕೆಸರಿಗೇ ಬಲಿಯಾಯಿತು. ಮುಂದೆ ಹೋದಂತೆ ಮರಳು ಬೆರೆತು ನೆಲ ಗಟ್ಟಿಯಾಗುತ್ತದೆ. ನಡೆಗೆ ಅದೇ ಹಿತ. ಮೊಳಕಾಲುದ್ದದ ಕಾಲುವೆ ದಾಟಬೇಕಾದ್ದರಿಂದ ಚಡ್ಡಿ ತೊಡಿ, ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಳ್ಳಿ.

ಬಾಲ್ಟ್ರುಮ್ ಆರೂವರೆ ಚದರ ಕಿ.ಮೀ., ಕಾರಿಲ್ಲ. ಸಾಮಾನಿಗೆ ಕುದುರೆಗಾಡಿ, ಕೈಗಾಡಿ. ಪಶ್ಚಿಮದ ತುದಿಯನ್ನು ಕಡಲು ತಿನ್ನುತ್ತ, ಪೂರ್ವಕ್ಕೆ ಮರಳು ಪೇರಿಸುತ್ತ ಬಂದಿರುವುದರಿಂದ ಊರೇ ಪೂರ್ವಕ್ಕೆ ಸರಿದಿದೆ. ಈಗ ಪಶ್ಚಿಮಕ್ಕೆ ಕಲ್ಲುಗೋಡೆ. ಬೀದಿಗಳ ಹೆಸರಿನಿಂದ ಮನೆ ಹುಡುಕುವಂತಿಲ್ಲ. ನಂಬರನ್ನು ಕಟ್ಟಿದ ಕ್ರಮದಲ್ಲಿ ಕೊಟ್ಟಿರುವುದರಿಂದ 20ರ ಪಕ್ಕ 150 ಇರಬಹುದು. ರಾತ್ರಿ ಉಳಿಯುವವರು ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡೇ ಹೊರಡಿ. ಅಂದೇ ಮರಳುವವರಿಗೆ ಮುಂದಿನ ಉಬ್ಬರದ ಹಡಗಿನಲ್ಲಿ ಅರ್ಧ ಗಂಟೆಯ ಪ್ರಯಾಣ. ಆದರೆ ನೆಸ್ಮರ್‌ಜೀಲ್‌ನಿಂದ ನೋರ್ಡನ್‌ಗೆ ಬಸ್ ಆ ಹಡಗಿಗೆ ಕಾದು ನಿಲ್ಲುತ್ತದೆಯೇ ಎಂದು ಬೆಳಿಗ್ಗೆಯೇ ಚಾಲಕರನ್ನು ಕೇಳಿಟ್ಟುಕೊಳ್ಳಬೇಕು.